ಹೊಣೆ ನಮ್ಮ ಮೇಲೆ, ಬೀಗದ ಕೈ ನಿಮ್ಮ ಹತ್ತಿರ



ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಸಣ್ಣ ಕಚೇರಿಗಳಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ರಕ್ತಪರೀಕ್ಷೆಯ ಲ್ಯಾಬು, ಆಡಿಟರ ಆಫೀಸು, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಪತ್ತಿನ ಸಹಕಾರ ಸಂಘ. ಇಲ್ಲಿಗೆ ಹೋಗಿಬರುವ ನಾವೆಲ್ಲರೂ ವರ್ಷಗಳಿಂದ ಹೊತ್ತುಕೊಂಡು ಬಂದಿರುವ ತೊಂದರೆಯೊಂದಿದೆ. ಕಣ್ಣಿಗೆ ಕಾಣದ ಕಾರಣ ಅದರ ಬಗ್ಗೆ ಹೆಚ್ಚು ಜನ ದೂರು ಕೊಟ್ಟಿಲ್ಲ. ಅದಕ್ಕೇ ಈ ಬಹಿರಂಗ ಪತ್ರ.

ಹಿಂದೆ ಇಂಥ ಕಚೇರಿಯ ಲೆಕ್ಕಪತ್ರವೆಲ್ಲ ಮೂಲೆಯ ಒಂದು ಕಂಪ್ಯೂಟರಿನಲ್ಲಿರುತ್ತಿತ್ತು. ಮೇಲೊಂದು ಬಟ್ಟೆಯ ಹೊದಿಕೆ, ಕೆಳಗೆ ಯುಪಿಎಸ್, ರಾತ್ರಿ ಶಟರ್ ಎಳೆದರೆ ಮುಗಿಯಿತು. ಸಾಫ್ಟ್‌ವೇರ್ ಮಾರುವವರು ಬರಬರುತ್ತಾ ಹಳೆಯ ಆವೃತ್ತಿಗೆ ಸರ್ವೀಸ್ ನಿಲ್ಲಿಸಿ, ಎಲ್ಲವನ್ನೂ ಕ್ಲೌಡಿಗೆ ಸಾಗಿಸಿದರು. ಬೇಡ ಎನ್ನುವ ದಾರಿ ಸಣ್ಣವರಿಗೆ ಇರಲೇ ಇಲ್ಲ.

ಹೀಗೆ ಸಾಗಿಹೋದದ್ದು ಏನೇನು ಎಂದು ನೋಡಿ. ಗಾಂಧಿ ಬಜಾರಿನ ಆಸುಪಾಸಿನ ಲ್ಯಾಬುಗಳಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೋಳು ಚಾಚಿ ಕೂತ ಹಿರಿಯರ ಸಕ್ಕರೆ, ಥೈರಾಯ್ಡ್, ಕಿಡ್ನಿಯ ಅಂಕಿಗಳು. ಜುಲೈ ಬಂತೆಂದರೆ ರೆಕ್ಸಿನ್ ಫೈಲು ಹಿಡಿದು ಆಡಿಟರ ಮುಂದೆ ಕೂರುವವರ ಪ್ಯಾನ್ ಕಾರ್ಡು, ಫಾರ್ಮ್ 16, ಪಾಸ್‌ಬುಕ್ಕಿನ ಜೆರಾಕ್ಸು. ಸಂಘದಲ್ಲಿ ಒಡವೆ ಅಡವಿಟ್ಟ ಹೆಣ್ಣುಮಗಳ ಸಾಲದ ಬಾಕಿ. ಗಂಡನಿಗೂ ಹೇಳದ ವಿಷಯ ಅದು.

ಇವೆಲ್ಲ ಈಗ ಯಾರದೋ ಬಾಡಿಗೆ ಯಂತ್ರದಲ್ಲಿವೆ. ಒಂದು ದೊಡ್ಡ ಕಂಪ್ಯೂಟರನ್ನು ತಂತ್ರಾಂಶದಿಂದ ಹತ್ತಾರು ಪಾಲು ಮಾಡುತ್ತಾರೆ. ಒಂದೊಂದು ಪಾಲೂ ಒಂದು ವರ್ಚುವಲ್ ಮಷೀನು, ಅಂದರೆ ಗೆಸ್ಟ್. ಇಡೀ ಯಂತ್ರವನ್ನು ನಡೆಸುವ ಮಾಲೀಕನ ಕಡೆಯ ವ್ಯವಸ್ಥೆ ಹೋಸ್ಟ್.

ಡೇಟಾ ಸುರಕ್ಷಿತವೇ ಎಂದು ಕೇಳಿದರೆ ಸಿದ್ಧ ಉತ್ತರವಿದೆ: ಡಿಸ್ಕಿನಲ್ಲಿರುವಾಗ ಗೂಢಲಿಪಿ, ತಂತಿಯಲ್ಲಿ ಹರಿಯುವಾಗಲೂ ಗೂಢಲಿಪಿ. ಎರಡೂ ನಿಜವೇ. ಆದರೆ ಮೂರನೆಯ ಒಂದು ಜಾಗವಿದೆ. ವರದಿ ತೆರೆದಾಗ, ಲೆಕ್ಕ ಕೂಡುವಾಗ, ಅದೇ ಮಾಹಿತಿ ಬಿಚ್ಚಿದ ರೂಪದಲ್ಲಿ ಮೆಮೊರಿಗೆ ಬರುತ್ತದೆ. ಸಾಮಾನ್ಯ ಬಾಡಿಗೆ ಯಂತ್ರದಲ್ಲಿ ಆ ಮೆಮೊರಿಯನ್ನು ಓದುವುದು ಮಾಲೀಕನ ತಂತ್ರಾಂಶಕ್ಕೆ ಸಾಧ್ಯ. ಆ ತಂತ್ರಾಂಶದೊಳಗೆ ನುಸುಳಿದ ಕಳ್ಳನಿಗೂ ಸಾಧ್ಯ. ನಮ್ಮ ಹಳೆಯ ವಠಾರಗಳಲ್ಲಿ ಬಾಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಟ್ರಂಕಿಗೆ ಬೀಗ ಹಾಕಿದ್ದೀರಿ, ಕಾಗದವನ್ನು ಅಂಟಿಸಿಯೇ ಕಳಿಸುತ್ತೀರಿ. ಆದರೆ ಟ್ರಂಕು ತೆರೆದು ಚಾಪೆಯ ಮೇಲೆ ಹರವಿಕೊಂಡ ಹೊತ್ತಿನಲ್ಲಿ, ಕಿಟಕಿಗೆ ಬಾಗಿಲೇ ಇಲ್ಲ.

ಮಾಲೀಕರೆಲ್ಲ ಇಣುಕುತ್ತಾರೆ ಎಂದು ನಾನು ಹೇಳುತ್ತಿಲ್ಲ. ಇಣುಕಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಬಾಡಿಗೆದಾರನಿಗೆ ಯಾವ ದಾರಿಯೂ ಇಲ್ಲ ಎಂಬುದು ನನ್ನ ದೂರು.

ಪರಿಹಾರವೇ ಇಲ್ಲದಿದ್ದರೆ ಹಣೆಬರಹ ಎಂದು ಸುಮ್ಮನಿರಬಹುದಿತ್ತು. ಪರಿಹಾರ ಬಂದು ವರ್ಷಗಳಾದವು. ಗೆಸ್ಟ್‌ನ ಮೆಮೊರಿಯನ್ನು ಪ್ರೊಸೆಸರೇ ಬೀಗ ಹಾಕಿ ಇಡುವ ಎಸ್‌ಇವಿ ತಂತ್ರ ಪ್ರಕಟವಾದದ್ದು 2016ರಲ್ಲಿ. ಅದೇ ದಾರಿಯ ಟಿಡಿಎಕ್ಸ್ ಬಂದು ಸೇರಿತು. ದೊಡ್ಡ ಕ್ಲೌಡುಗಳ ದರಪಟ್ಟಿಯಲ್ಲಿ ಇಂಥ ಗೋಪ್ಯ ಯಂತ್ರಗಳು 2020ರಿಂದ ಕಾಣಿಸಿಕೊಂಡವು.

ಈ ಬೀಗದ ಕೆಲಸ ಹೀಗೆ. ಕೀಲಿ ಪ್ರೊಸೆಸರಿನೊಳಗೇ ಹುಟ್ಟಿ ಅಲ್ಲೇ ಉಳಿಯುತ್ತದೆ. ಮಾಲೀಕನಿಗೂ ಅದು ಸಿಗುವುದಿಲ್ಲ. ಮೆಮೊರಿಯ 4 ಕಿಲೋಬೈಟಿನ ಪ್ರತಿ ಪುಟವೂ ಖಾಸಗಿಯೋ ಹಂಚಿಕೆಯದೋ ಎಂದು ಗೆಸ್ಟೇ ಹೇಳುತ್ತದೆ. ಡಿಸ್ಕಿಗೋ ನೆಟ್‌ವರ್ಕಿಗೋ ಹೋಗಬೇಕಾದಷ್ಟನ್ನು ಮಾತ್ರ ಹಂಚಿಕೆಯ ಪುಟಕ್ಕೆ ನಕಲು ಮಾಡಿ ಹೊರಗೆ ಕೊಡುತ್ತದೆ. 2024ರ ಮಾರ್ಚಿನಲ್ಲಿ ಬಂದ, ಲಿನಕ್ಸ್ ಎಂಬ ಕಾರ್ಯಾಚರಣಾ ತಂತ್ರಾಂಶದ 6.8ನೆಯ ಆವೃತ್ತಿಯಲ್ಲಿ ಗೆಸ್ಟ್ ಮೆಮ್‌ಎಫ್‌ಡಿ ಎಂಬ ವ್ಯವಸ್ಥೆ ಸೇರಿತು. ಖಾಸಗಿ ಪುಟಗಳನ್ನು ಹೋಸ್ಟಿನ ಸಾಮಾನ್ಯ ಪ್ರೋಗ್ರಾಮುಗಳ ಕೈಗೆಟುಕದ ಕಡೆ ಇಡಲು ಅದರಿಂದ ಸಾಧ್ಯವಾಯಿತು. ಅದಕ್ಕೂ ಮುಖ್ಯವಾದದ್ದು ಇನ್ನೊಂದಿದೆ: ಈ ಯಂತ್ರ ನಿಜವಾಗಿಯೂ ಗೋಪ್ಯವಾಗಿಯೇ ನಡೆಯುತ್ತಿದೆ ಎಂದು ಚಿಪ್ಪೇ ಸಹಿ ಹಾಕಿ ಕೊಡುವ ದೃಢೀಕರಣ ಪತ್ರ. ಮಾಲೀಕನ ಬಾಯಿಮಾತನ್ನು ನಂಬಿ ಕೂರಬೇಕಾಗಿಲ್ಲ, ಪರೀಕ್ಷಿಸಿ ನೋಡಬಹುದು.

ಇದು ಸಲೀಸಾದ ಕೆಲಸವಲ್ಲ ಎಂಬುದನ್ನು ಬಲ್ಲೆ. ಬೀಗ ಹಾಕಿದ ಪುಟಗಳನ್ನು, ಮೆಮೊರಿ ಸಾಲದೆ ಬಂದಾಗ, ಡಿಸ್ಕಿಗೆ ಸುಲಭವಾಗಿ ತಳ್ಳಲಾಗದು. ಓಡುತ್ತಿರುವ ಗೆಸ್ಟನ್ನು ಬೇರೆ ಯಂತ್ರಕ್ಕೆ ಸಾಗಿಸುವುದು ಕಷ್ಟ. ಖಾಸಗಿಯದು ಹಂಚಿಕೆಯದಾಗುವಾಗ ಹಳೆಯ ಪುಟವನ್ನು ಬಿಟ್ಟುಕೊಡದಿದ್ದರೆ ಗೆಸ್ಟಿನ ಒಂದೇ ಪುಟಕ್ಕೆ ಎರಡು ಪಟ್ಟು ಮೆಮೊರಿ ಹಿಡಿಯುತ್ತದೆ. ಈ ಬೀಗಗಳಲ್ಲೂ ಬಿರುಕುಗಳಿವೆ ಎಂದು ಸಂಶೋಧಕರು ಆಗಾಗ ತೋರಿಸಿಕೊಟ್ಟಿದ್ದಾರೆ. ಇರಲಿ. ಇವೆಲ್ಲ ಯಂತ್ರ ನಡೆಸುವವರ ಕಷ್ಟಗಳು. ಅವರ ಕಷ್ಟಕ್ಕೆ ನಮ್ಮ ರಕ್ತದ ವರದಿ ಏಕೆ ಬಯಲಲ್ಲಿ ಕೂರಬೇಕು?

ಇನ್ನು ಕಾನೂನಿನ ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಅರ್ಜಿ ಹಾಕಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅದಾಗಿ ಆರು ವರ್ಷಕ್ಕೆ, 2023ರ ಆಗಸ್ಟಿನಲ್ಲಿ, ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು. ನಿಯಮಗಳು ಬರಲು 2025ರ ನವೆಂಬರ್ ಆಯಿತು. ಆಗಲೂ ಮುಖ್ಯ ಹೊಣೆಗಳಿಗೆ ಇನ್ನೂ 18 ತಿಂಗಳ ಕಾಲಾವಕಾಶ.

ಆ ಹೊಣೆ ಯಾರ ತಲೆಯ ಮೇಲೆ ಬೀಳುತ್ತದೆ ಗೊತ್ತೆ? ಮಾಹಿತಿಯನ್ನು ತನ್ನ ಪರವಾಗಿ ಬೇರೆಯವರ ಕೈಗೆ ಕೊಟ್ಟಿದ್ದರೂ ಉತ್ತರ ಕೊಡಬೇಕಾದವನು ಅದನ್ನು ಸಂಗ್ರಹಿಸಿದವನೇ. ಅಂದರೆ ಲ್ಯಾಬಿನವರು, ಆಡಿಟರು, ಸಂಘದವರು. ಸೂಕ್ತ ರಕ್ಷಣೆ ಇಲ್ಲದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಇಬ್ಬರು ಟೆಕ್ನಿಷಿಯನ್ನರನ್ನಿಟ್ಟುಕೊಂಡು ಬಾಡಿಗೆ ಮಳಿಗೆಯಲ್ಲಿ ಲ್ಯಾಬು ನಡೆಸುವವರು ಈ ಅಂಕಿ ಓದಿ ಎದೆ ಹಿಡಿದುಕೊಳ್ಳುತ್ತಾರೆ. ತಮ್ಮ ಮಾಹಿತಿ ಯಾವ ಊರಿನ ಯಂತ್ರದಲ್ಲಿದೆ ಎಂಬುದೂ ಅವರಿಗೆ ಗೊತ್ತಿಲ್ಲ. ಸಾಫ್ಟ್‌ವೇರ್ ಮಾರಿದವರು ಗೋಪ್ಯ ಯಂತ್ರ ತೆಗೆದುಕೊಂಡರೋ, ಅಗ್ಗದ ಸಾಮಾನ್ಯ ಯಂತ್ರವೇ ಸಾಕೆಂದರೋ, ಬಿಲ್ಲಿನಲ್ಲಿ ಒಂದು ಸಾಲೂ ಇಲ್ಲ.

ಕೇಳಿಲ್ಲವೆಂದಲ್ಲ. ನನ್ನ ಗಿರಾಕಿಗಳ ಪರವಾಗಿ ನಾನೇ ಕೇಳಿದ್ದೇನೆ. ಮೊದಲು ಒಂದು ಟಿಕೆಟ್ ನಂಬರು ಬರುತ್ತದೆ. ಆಮೇಲೆ ‘ನಿಮ್ಮ ಡೇಟಾ ಸಂಪೂರ್ಣ ಸುರಕ್ಷಿತವಾಗಿದೆ’ ಎಂಬ ಇಂಗ್ಲಿಷಿನ ಒಂದು ಸಾಲು. ಮೆಮೊರಿಯ ಬಗ್ಗೆ ಮತ್ತೆ ಕೇಳಿದರೆ ಟಿಕೆಟ್ ಮುಚ್ಚಿಬಿಡುತ್ತಾರೆ, ಸಮಸ್ಯೆ ಬಗೆಹರಿದಿದೆ ಎಂಬ ಷರಾದೊಂದಿಗೆ. ಮೇಲಿನ ಅಧಿಕಾರಿಗಳಿಗೆ ಬರೆದರೆ ಸ್ವೀಕೃತಿಯಷ್ಟೇ. ಹೀಗೆ ಉತ್ತರವಿಲ್ಲದೆ ಕಾಯುವಾಗ, ನಮ್ಮನ್ನು ಪ್ರಶ್ನೆ ಕೇಳುವ ಯೋಗ್ಯತೆ ಇಲ್ಲದವರೆಂದೇ ಎಣಿಸಿದ್ದಾರೆ ಅನಿಸುತ್ತದೆ. ನಗರದ ಹೊರವಲಯದ ಗಾಜಿನ ಕಟ್ಟಡಗಳಲ್ಲಿ ಜಗತ್ತಿನ ತಂತ್ರಾಂಶ ಬರೆಯುತ್ತಾರೆ. ಅದೇ ನಗರದ ಹಳೆಯ ಬಡಾವಣೆಯವನು ತನ್ನ ವರದಿ ಎಲ್ಲಿ, ಹೇಗೆ ತೆರೆದುಕೊಳ್ಳುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಇದು ಅವಮಾನ.

ಆದ್ದರಿಂದ ಯಂತ್ರ ಬಾಡಿಗೆಗೆ ಕೊಡುವವರನ್ನೂ, ಅದರ ಮೇಲೆ ಸಾಫ್ಟ್‌ವೇರ್ ಮಾರುವವರನ್ನೂ, ಇವರಿಬ್ಬರ ಮೇಲೆ ನಿಗಾ ಇಡಬೇಕಾದವರನ್ನೂ ನೇರವಾಗಿ ಕೇಳುತ್ತಿದ್ದೇನೆ. ಆರೋಗ್ಯ ಮತ್ತು ಹಣಕಾಸಿನ ಮಾಹಿತಿಯನ್ನು ಸಂಸ್ಕರಿಸುವ ಯಂತ್ರಗಳಿಗೆ ಮೆಮೊರಿಯ ಬೀಗ ಕಡ್ಡಾಯವಾಗಲಿ. ಅದು ಹೆಚ್ಚಿನ ದುಡ್ಡು ಕೊಟ್ಟವರಿಗೆ ಮಾತ್ರ ಸಿಗುವ ಸೌಲಭ್ಯವಾಗಿ ಉಳಿಯಬಾರದು. ಈ ಯಂತ್ರ ಗೋಪ್ಯವೋ ಸಾಮಾನ್ಯವೋ ಎಂದು ಪ್ರತಿ ಬಿಲ್ಲಿನಲ್ಲೂ ಕನ್ನಡದಲ್ಲಿ ಬರೆಯಿರಿ. ಚಿಪ್ಪು ಕೊಡುವ ದೃಢೀಕರಣ ಪತ್ರವನ್ನು ಬಾಡಿಗೆದಾರರು ತಾವೇ ತೆರೆದು ನೋಡುವಂತೆ ಮಾಡಿಕೊಡಿ.

ಓದುಗರಲ್ಲೂ ಒಂದು ವಿನಂತಿ. ಮುಂದಿನ ಸಲ ರಕ್ತ ಕೊಡಲು ಹೋದಾಗ, ಫೈಲು ಹಿಡಿದು ಆಡಿಟರ ಹತ್ತಿರ ಹೋದಾಗ, ನಿಮ್ಮ ಮಾಹಿತಿ ಇರುವ ಯಂತ್ರ ಗೋಪ್ಯವೋ ಸಾಮಾನ್ಯವೋ ಎಂದು ಕೇಳಿ. ಅವರ ಮೇಲೆ ರೇಗಬೇಡಿ, ಅವರೂ ನಮ್ಮಂತೆಯೇ ಸಿಕ್ಕಿಬಿದ್ದವರು. ಅವರಿಂದ ಸಾಫ್ಟ್‌ವೇರ್ ಮಾರಿದವರಿಗೆ ಲಿಖಿತವಾಗಿ ಕೇಳಿಸಿ, ಬಂದ ಉತ್ತರದ ಒಂದು ಪ್ರತಿಯನ್ನು ಇಸಿದುಕೊಳ್ಳಿ. ಉತ್ತರ ಬರದಿದ್ದರೆ ಮತ್ತೆ ಬರೆಸಿ.

ಇತಿ,
ಬಸವನಗುಡಿಯ ಒಬ್ಬ ನಿವಾಸಿ