ತಲೆಬರಹವಿಲ್ಲದ ಲೆಕ್ಕ

ದ್ವಿತೀಯ ಪಿಯುಸಿ ಗಣಿತದಲ್ಲಿ ಅನುಕಲನದ ಅಭ್ಯಾಸಗಳನ್ನೆಲ್ಲ ಮನೆಯಲ್ಲಿ ತಪ್ಪಿಲ್ಲದೆ ಮಾಡಿದ ಹುಡುಗ ಪರೀಕ್ಷೆಯಲ್ಲಿ ಪೆನ್ನು ಕಚ್ಚುತ್ತಾ ಕೂರುವುದುಂಟು. ‘ಓದಿದ್ದೆಲ್ಲ ಮರೆತುಹೋಯಿತು’ ಎನ್ನುತ್ತಾನೆ. ಮರೆತದ್ದಲ್ಲ, ಯಾವ ಲೆಕ್ಕಕ್ಕೆ ಯಾವ ವಿಧಾನ ಎಂದು ಆರಿಸುವುದನ್ನು ಕಲಿತೇ ಇರಲಿಲ್ಲ. ಮನೆಯಲ್ಲಿ ಅದನ್ನು ಅಭ್ಯಾಸದ ತಲೆಬರಹವೇ ಹೇಳಿಬಿಡುತ್ತಿತ್ತು.

ಎಕ್ಸ್ ಮತ್ತು ಇ-ಘಾತ-ಎಕ್ಸ್‌ಗಳ ಗುಣಲಬ್ಧವನ್ನು ಭಾಗಶಃ ಅನುಕಲಿಸಬೇಕು. ಆ ಘಾತದಲ್ಲಿ ಎಕ್ಸ್ ಬದಲು ಎಕ್ಸ್‌ನ ವರ್ಗ ಬಂದರೆ ಆದೇಶ ವಿಧಾನ ಸಾಕು, ಎರಡೇ ಸಾಲು. ನೋಡಲು ಮಾತ್ರ ಅವಳಿ ಜವಳಿ!

ಅಮೆರಿಕದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಘನಾಕೃತಿಗಳ ಘನಫಲದ ಲೆಕ್ಕಗಳನ್ನು ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಬಗೆಬಗೆಯಾಗಿ ವಿಂಗಡಿಸಿ, ಇನ್ನೊಂದು ಕಲಸಿ ಮಾಡಿತು. ಅಭ್ಯಾಸದ ವೇಳೆ ಮೊದಲ ಗುಂಪಿಗೆ ಶೇ. 89, ಎರಡನೆಯದಕ್ಕೆ ಶೇ. 60 ಅಂಕ. ವಾರದ ಬಳಿಕ ಪರೀಕ್ಷೆಯಲ್ಲಿ? ಶೇ. 20 ಮತ್ತು ಶೇ. 63.

ವಾರಕ್ಕೊಮ್ಮೆ ಹಳೆಯ ಅಧ್ಯಾಯಗಳ ಹತ್ತು ಲೆಕ್ಕಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ಎತ್ತಿ ಮಾಡಬೇಕು. ಗೈಡು ಮುಚ್ಚಿರಲಿ. ಅನುಕಲನದಲ್ಲಂತೂ ಅದರ ಹಂಗೇ ಬೇಡ: ಬಂದ ಉತ್ತರವನ್ನು ಅವಕಲಿಸಿದರೆ ಪ್ರಶ್ನೆ ಮರಳಿ ಸಿಗಬೇಕು. ಮೊದಲ ವಾರ ಹತ್ತರಲ್ಲಿ ಐದು ತಪ್ಪಾದರೆ ಅಪ್ಪ ಅಮ್ಮ ಗಾಬರಿಯಾಗಬೇಕಿಲ್ಲ.