ದಂಡ ಕಟ್ಟುವ ಮೊದಲು ಫೋಟೋ ನೋಡಿ

ಸೊಲ್ಲಾಪುರ-ವಿಜಯಪುರ ರಸ್ತೆ ನಾಲ್ಕು ಲೇನ್ ಆದ ಮೇಲೆ ನಮ್ಮ ಮಂದಿಗೆ ಬೀಗರೂರು ಹತ್ತಿರವಾಗಿದೆ. ಟಾಕಳಿ ಹತ್ತಿರ ಭೀಮೆಯ ಸೇತುವೆ ದಾಟಿ ಧೂಳಖೇಡ ಮುಟ್ಟಿದರೂ ರಾಜ್ಯ ಬದಲಾದದ್ದು ಲಕ್ಷ್ಯಕ್ಕೆ ಬರುವುದಿಲ್ಲ. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೋಗುವ ರಸ್ತೆಯೂ ಹಾಗೇ, ಅಗಲ ಆದಷ್ಟು ಕಾಲು ಎಕ್ಸಲೇಟರ್ ಮೇಲೆ ಭಾರ ಬೀಳುತ್ತದೆ. ನಾಲ್ಕು ದಿನದ ಮೇಲೆ ಮೊಬೈಲಿಗೆ ಮೆಸೇಜು ಬರುತ್ತದೆ: ಗಾಡಿ ನಂಬರು, ತಾರೀಖು, ಮಿತಿ ಮೀರಿದ ವೇಗ, ದಂಡ ಇಷ್ಟು. ಅಲ್ಲಿಂದ ಮನೆಯೊಳಗೆ ಪಂಚಾಯಿತಿ ಶುರು. ಕಟ್ಟೋದೋ, ಬಿಡೋದೋ?

ಕಟ್ಟೆ ಮೇಲೆ ಕೂತವರ ಸಲಹೆ ಒಂದೇ: "ಆ ರಾಜ್ಯದ ಪೊಲೀಸ್ರು ನಮ್ಮ ಮನಿ ಬಾಗಲಿಗಿ ಬರ್ತಾರೇನ್ರೀ? ಸುಮ್ನ ಬಿಡ್ರಿ." ಹಿಂದೆ ಕಾಗದದ ಚೀಟಿ ಕೊಡುತ್ತಿದ್ದ ಕಾಲಕ್ಕೆ ಈ ಮಾತು ನಡೆಯುತ್ತಿತ್ತು. ಈಗ ಗಾಡಿಯ ನೋಂದಣಿ ದೇಶಕ್ಕೆಲ್ಲ ಒಂದೇ ಕಂಪ್ಯೂಟರ್ ವ್ಯವಸ್ಥೆಯಲ್ಲಿದೆ. ಎಂಎಚ್-13 ಗಾಡಿ ಇಂಡಿ ತಾಲೂಕಿನಲ್ಲಿ ಸಿಕ್ಕರೂ, ಕೆಎ-28 ಗಾಡಿ ಮಂದ್ರೂಪದಲ್ಲಿ ಸಿಕ್ಕರೂ ಬಾಕಿ ಅದರ ನಂಬರಿಗೇ ಅಂಟಿಕೊಂಡಿರುತ್ತದೆ. ಗಾಡಿ ಮಾರುವಾಗ, ಹೆಸರು ಬದಲಿಸುವಾಗ ಅದು ಎದುರಿಗೆ ಬಂದು ನಿಲ್ಲುತ್ತದೆ. ಬಿಟ್ಟರೆ ಹೋಗುವ ಬಾಕಿ ಇದಲ್ಲ.

ಹಾಗಂತ ಮೆಸೇಜು ಬಂದ ಕೂಡಲೇ ಗಾಬರಿಯಾಗಿ ರೊಕ್ಕ ಹಾಕುವುದೂ ಬೇಡ. ವಾಟ್ಸಾಪಿನಲ್ಲಿ "ಆರ್‌ಟಿಓ ಚಲನ್" ಅಂತ ಹೆಸರಿಟ್ಟ ಎಪಿಕೆ ಫೈಲು ಕಳಿಸಿ, ಒತ್ತಿದವರ ಬ್ಯಾಂಕ್ ಖಾತೆ ಬರಿದು ಮಾಡುವ ಮೋಸ ಈಚೆಗೆ ಎಲ್ಲ ರಾಜ್ಯದಲ್ಲೂ ನಡೆದಿದೆ. ಸರ್ಕಾರ ದಂಡ ವಸೂಲಿಗೆ ಇಂಥ ಫೈಲು ಕಳಿಸುವುದಿಲ್ಲ. ಅಸಲಿ ವೆಬ್‌ಸೈಟಿನ ವಿಳಾಸ 'ಜಿಓವಿ ಡಾಟ್ ಇನ್' ಅಂತಲೇ ಮುಗಿಯುತ್ತದೆ. ಮೆಸೇಜಿನ ಲಿಂಕ್ ಒತ್ತದೆ, ನೀವೇ ಸೈಟ್ ತೆರೆದು ಗಾಡಿ ನಂಬರು ಹಾಗೂ ಚಾಸಿ ನಂಬರಿನ ಕೊನೆಯ ಅಂಕಿಗಳನ್ನು ಹಾಕಿ ನೋಡಿ. ಗೊತ್ತಾಗದಿದ್ದರೆ ಮಹಾ ಇ-ಸೇವಾ ಕೇಂದ್ರದವರನ್ನು ಕೇಳಿ. ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಹಚ್ಚಬೇಕು.

ಚಲನ್ ಖರೇ ಆಗಿದ್ದರೆ ಅದರಲ್ಲಿ ಫೋಟೋ ಇರುತ್ತದೆ, ಜಾಗ ಇರುತ್ತದೆ, ವೇಗ ಇರುತ್ತದೆ. ನೋಡಬೇಕಾದದ್ದು ಅದೇ. ಗಾಡಿ ನಿಮ್ಮದೇ, ಆ ಹೊತ್ತಿಗೆ ಆ ರಸ್ತೆಯಲ್ಲಿದ್ದದ್ದು ನಿಜ, ಮಿತಿಯ ಬೋರ್ಡೂ ಅಲ್ಲಿದೆ ಎಂದಾದರೆ ಕಟ್ಟಿಬಿಡುವುದೇ ಲಾಭ. ಲೆಕ್ಕ ಹಾಕಿ ನೋಡಿ. ಮಹಾರಾಷ್ಟ್ರ 2021ರ ಡಿಸೆಂಬರ್‌ನಲ್ಲಿ ದಂಡ ಏರಿಸಿದಾಗ ವೇಗಕ್ಕೆ ಬೈಕಿಗೆ 1000, ಕಾರಿಗೆ 2000 ರೂಪಾಯಿ ಇಟ್ಟಿತು. ಕರ್ನಾಟಕ 2019ರ ಸೆಪ್ಟೆಂಬರ್‌ನಲ್ಲಿ ಕಾರಿಗೂ 1000 ಎಂದು ಇಳಿಸಿತ್ತು. ಇಷ್ಟು ಉಳಿಸಲು ಅಕ್ಕಲಕೋಟದವರು ವಿಜಯಪುರದ ಕೋರ್ಟಿಗೆ ಎರಡು ಸಲ ಹೋಗಿ ಬಂದರೆ ಎರಡು ದಿನದ ದುಡಿಮೆ, ಪೆಟ್ರೋಲು, ವಕೀಲರ ಫೀ ಎಲ್ಲಾ ಕೂಡಿ ದಂಡಕ್ಕಿಂತ ದೊಡ್ಡ ಮೊತ್ತವೇ ಆಗುತ್ತದೆ.

"ಅರ್ಧಕ್ಕ ಬಿಡ್ತಾರ, ತಡೀರಿ" ಎನ್ನುವವರೂ ಇದ್ದಾರೆ. ಕರ್ನಾಟಕ 2023ರ ಫೆಬ್ರುವರಿಯಲ್ಲಿ ಶೇ. 50 ರಿಯಾಯಿತಿ ಕೊಟ್ಟಿದ್ದು ಹೌದು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಮತ್ತೆ ಕೊಟ್ಟಿದ್ದೂ ಹೌದು. ಆದರೆ ಅದು ಕರ್ನಾಟಕ ಹಾಕಿದ ಚಲನ್‌ಗೆ ಮಾತ್ರ, ಮಹಾರಾಷ್ಟ್ರದ ಬಾಕಿಗೆ ಅದರ ಸಂಬಂಧವಿಲ್ಲ. ಇಲ್ಲಿ ಲೋಕ ಅದಾಲತ್ ಇದೆ. ಅಲ್ಲಿ ಕಡಿಮೆ ಆಗುವುದುಂಟು, ಆಗೇ ಆಗುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಅಲ್ಲಿ ಒಪ್ಪಿದ ಮೇಲೆ ಅಪೀಲೂ ಇಲ್ಲ. ಸಮಯಕ್ಕೆ ಕಟ್ಟಿದವನಿಗೆ ಪೂರ್ತಿ, ಬಾಕಿ ಇಟ್ಟವನಿಗೆ ಅರ್ಧ ಅನ್ನುವ ಈ ಪದ್ಧತಿ ನಮಗಂತೂ ಸರಿ ಕಾಣುವುದಿಲ್ಲ. ಮಂದಿಗೆ ತಡೆಯುವ ಚಟ ಹಚ್ಚಿದ್ದು ಸರ್ಕಾರಗಳೇ.

ಗಾಡಿ ನಿಮ್ಮದಲ್ಲದಿದ್ದರೆ ಮಾತ್ರ ಒಂದು ಪೈಸೆಯೂ ಕಟ್ಟಬೇಡಿ. ಒಮ್ಮೆ ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ. ಫೋಟೋದಲ್ಲಿ ಬೇರೆ ಬಣ್ಣದ, ಬೇರೆ ಕಂಪನಿಯ ಗಾಡಿ ಇದ್ದರೆ ನಿಮ್ಮ ಆರ್‌ಸಿ ಮತ್ತು ಗಾಡಿಯ ಫೋಟೋ ಜೋಡಿಸಿ ಅದೇ ಸೈಟಿನಲ್ಲಿ ತಕರಾರು ಹಾಕಬೇಕು, ತಕರಾರಿನ ನಂಬರು ಬರೆದಿಡಬೇಕು. ಕ್ಯಾಮೆರಾ ವಿಷಯಕ್ಕೆ ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ತಂದ ನಿಯಮ ಓದಿದವರು ಕಡಿಮೆ. ಕ್ಯಾಮೆರಾ ಇರುವ ರಸ್ತೆಗೆ ಮೊದಲೇ ಎಚ್ಚರಿಕೆ ಫಲಕ ಇರಬೇಕು, ಯಂತ್ರಕ್ಕೆ ಮಂಜೂರಾತಿ ಪತ್ರ ಇರಬೇಕು, 15 ದಿನದೊಳಗೆ ನೋಟಿಸ್ ಹೋಗಬೇಕು ಎಂದು ಅದರಲ್ಲಿ ಹೇಳಿತ್ತು. ಫಲಕವೇ ಇಲ್ಲದ ಕಡೆ ದಂಡ ಬಿದ್ದಿದ್ದರೆ ಇದನ್ನೇ ಹಿಡಿದು ಕೇಳಬಹುದು.

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ತ್ರಾಸು ಕೊಡುವುದು ಮಾರಿದ ಗಾಡಿ. ದುಧನಿಯವರು ಆಳಂದ ಕಡೆಯವರಿಗೆ ಬೈಕ್ ಮಾರುತ್ತಾರೆ, ಜತ್ತದವರು ಇಂಡಿಯವರಿಗೆ. ಪರಿಚಯದ ಮಂದಿ, ಕೈಯಲ್ಲಿ ರೊಕ್ಕ, ಕೈಯಲ್ಲಿ ಕೀಲಿ, ಮುಗೀತು. ಹೆಸರು ಬದಲಾಗಿರುವುದಿಲ್ಲ. ರಾಜ್ಯ ದಾಟುವ ಗಾಡಿಗೆ ಎನ್‌ಓಸಿ ಬೇಕು, ಅದಕ್ಕೆ ಫಾರಂ 28. ಮಾರಿದ್ದನ್ನು ತಿಳಿಸಲು 29, ಹೆಸರು ಬದಲಿಸಲು 30. ಇಷ್ಟು ಕಾಗದಕ್ಕೆ ಬೇಸರಪಟ್ಟು, ಎರಡು ವರ್ಷದ ಮೇಲೆ ಯಾರೋ ಓಡಿಸಿದ ವೇಗಕ್ಕೆ ನಾವು ದಂಡ ಕೊಡುವುದು ಯಾವ ವ್ಯವಹಾರ? ಮೊದಲೇ ಮಾರಿದವರು ಕೊಂಡವರನ್ನು ಕರಕೊಂಡು ಈ ವಾರವೇ ಆರ್‌ಟಿಓ ಆಫೀಸಿಗೆ ಹೋಗಿ ಬರುವುದು ಒಳ್ಳೇದು. ಸಣ್ಣ ವಯಸ್ಸಿನ ಹುಡುಗರ ಕೈಗೆ ಗಾಡಿ ಕೊಡುವವರಿಗೆ ಇನ್ನೊಂದು ಮಾತು. 2019ರ ತಿದ್ದುಪಡಿಯಂತೆ ಅದಕ್ಕೆ 25,000 ರೂಪಾಯಿ ದಂಡ, ಪಾಲಕರಿಗೆ ಮೂರು ವರ್ಷದ ತನಕ ಜೈಲೂ ಇದೆ.

ಇನ್ನು ಭಾಷೆಯ ಮಾತು. ಈ ಕಡೆಯ ಚಲನ್ ಮರಾಠಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ ಬರುತ್ತದೆ. ಶಾಲೆಗೆ ಹೋದ ಮಕ್ಕಳು ಓದಿ ಹೇಳುತ್ತಾರೆ. ನಾಗಣಸೂರಿನ, ಉಮದಿಯ ಹಿರಿಯರು ಯಾರನ್ನು ಕೇಳಬೇಕು? ಸಂವಿಧಾನದ 350ನೇ ಕಲಮು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ತಕರಾರು ಬರೆಯುವ ಹಕ್ಕು ಕೊಟ್ಟಿದೆ. ಅರ್ಜಿ ಕನ್ನಡದಲ್ಲಿ ಬರೆದರೆ ತಗೊಳ್ಳಬೇಕು. ಸೊಲ್ಲಾಪುರ ಜಿಲ್ಲಾ ಪೊಲೀಸರು ಅಕ್ಕಲಕೋಟದಲ್ಲಿ ತಿಂಗಳಿಗೊಂದು ದಿನ ಕನ್ನಡ ಬಲ್ಲ ಸಿಬ್ಬಂದಿ ಕೂಡಿಸಿ ತಕರಾರು ಕೇಳಲಿ. ವಿಜಯಪುರ, ಕಲಬುರಗಿ ಪೊಲೀಸರೂ ಎಂಎಚ್ ಗಾಡಿಯವರಿಗೆ ಮರಾಠಿಯಲ್ಲಿ ಒಂದು ಸಾಲು ಬರೆದರೆ ಅವರಿಗೇನೂ ಕಡಿಮೆಯಾಗುವುದಿಲ್ಲ. ಎರಡೂ ದಂಡೆಗೆ ವೇಗಮಿತಿಯ ಫಲಕ ಎರಡೂ ಭಾಷೆಯಲ್ಲಿ ಬರಲಿ. ಈ ಬೇಡಿಕೆಯನ್ನು ಬರುವ ಗ್ರಾಮಸಭೆಯಲ್ಲಿ ಠರಾವು ಮಾಡಿ ತಹಸೀಲ್ದಾರರಿಗೆ ಕಳಿಸಲು ಯಾವ ಊರಿಗೂ ಅಡ್ಡಿಯಿಲ್ಲ.