ಮಕ್ತಬವೂ ಪಾಠಶಾಲೆಯೂ

ಉಮ್ಮಚಗಿಯ ಹೆಸರೆತ್ತಿದೊಡನೆ ಅಲ್ಲಿಯ ಶ್ರೀಮಾತಾ ಸಂಸ್ಕೃತ ಪಾಠಶಾಲೆಯು ನಮ್ಮ ಸೀಮೆಯವರ ನೆನಪಿಗೆ ಬರುವುದು. ಶಾಸ್ತ್ರವಿದ್ಯೆಯು ಗುರುಮುಖದಿಂದಲೇ ಬರಬೇಕು, ಅದಕ್ಕೆ ಊರವರ ಆಶ್ರಯ ಬೇಕೆಂಬುದನ್ನು ಇಲ್ಲಿ ಯಾರೂ ಅಲ್ಲಗಳೆಯಲಾರರು. ಅದೇ ನ್ಯಾಯವು ನೆರೆಯ ಮುಸಲ್ಮಾನ ಬಾಂಧವರ ಮಕ್ತಬಕ್ಕೂ ಸಲ್ಲತಕ್ಕದ್ದೆಂದು ನಾವು ಹೇಳಬಯಸುತ್ತೇವೆ.

ಶಾಲೆಯ ಗಂಟೆಗೆ ಮುನ್ನವೋ ಸಂಜೆಯೋ ಮಕ್ಕಳು ಮಸೀದಿಯಲ್ಲಿ ಕೂಡಿ ಅರಬ್ಬೀ ಅಕ್ಷರ ಕಲಿತು, ಕುರಾನನ್ನು ಶುದ್ಧೋಚ್ಚಾರದಿಂದ ಓದಿ, ನಮಾಜಿನ ಕ್ರಮವನ್ನು ಅರಿಯುವ ಸ್ಥಳವೇ ಮಕ್ತಬ. ಆ ಕ್ರಮವೂ ಎಲ್ಲೆಡೆ ಒಂದೇ ಅಲ್ಲ. ನಮ್ಮ ಜಿಲ್ಲೆಯಲ್ಲಿಯೇ ಭಟ್ಕಳದ ನವಾಯತರು ಶಾಫಿ ಪಂಥದವರು. ಘಟ್ಟದ ಮೇಲೆ ಹನಫಿ ಪಂಥದವರೇ ಹೆಚ್ಚು. ತಂದೆಯ ಪದ್ಧತಿಯು ಮಗನಿಗೆ ಕೆಡದೆ ದಾಟುವುದು ಬಹುಮಟ್ಟಿಗೆ ಈ ಚಿಕ್ಕ ಶಾಲೆಯಿಂದ. ಧರ್ಮವಿದ್ಯೆಯು ಲೌಕಿಕ ವಿದ್ಯೆಗೆ ವಿರೋಧಿಯೆಂಬುದೂ ಸರಿಯಲ್ಲ. ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಸಂಸ್ಥೆಯೂ 1962ರಲ್ಲಿ ಜಾಮಿಯಾ ಇಸ್ಲಾಮಿಯಾವೂ ಸ್ಥಾಪಿತವಾಗಿ ಒಂದೇ ಊರಿನಲ್ಲಿ ಬೆಳೆದಿವೆ.

ಕಾನೂನು ಕೂಡ ಭೇದವೆಣಿಸಿಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆಗೆ 2012ರಲ್ಲಿ ತಿದ್ದುಪಡಿಯಾದಾಗ ಮದರಸಾಗಳನ್ನೂ ವೇದಪಾಠಶಾಲೆಗಳನ್ನೂ ಒಂದೇ ವಾಕ್ಯದಲ್ಲಿ ಹೆಸರಿಸಿ ಅದರ ವ್ಯಾಪ್ತಿಯಿಂದ ಹೊರಗಿಟ್ಟರು. ಕಾಯಿದೆಯು ಒಂದೇ ಪಂಕ್ತಿಯಲ್ಲಿ ಕೂಡಿಸಿದವರನ್ನು ಅಧಿಕಾರಿಗಳು, ಒಬ್ಬರನ್ನು ಗೌರವದಿಂದಲೂ ಮತ್ತೊಬ್ಬರನ್ನು ಸಂಶಯದಿಂದಲೂ ಕಾಣುವುದು ಉಚಿತವಲ್ಲ.

ಆದರೆ ಬಾಂಧವರಿಗೂ ಒಂದು ಮಾತನ್ನು ಸ್ನೇಹದಿಂದ ಹೇಳಬೇಕಾಗಿದೆ. ಪರಂಪರೆಯೆಂದರೆ ಗ್ರಂಥ ಮಾತ್ರವಲ್ಲ. ಊರಿನ ದರ್ಗಾದ ಉರುಸು, ಉತ್ತರ ಕರ್ನಾಟಕದಲ್ಲಿ ಹಿಂದೂಗಳೂ ಕೂಡಿ ಹಾಡುವ ಮೊಹರಮ್ಮಿನ ಕನ್ನಡ ರಿವಾಯತ ಪದಗಳು, ಇವೂ ಪರಂಪರೆಯೇ. ದೂರದೇಶದಿಂದ ಬಂದ ಉಪಾಧ್ಯಾಯರು ಈ ಮಣ್ಣಿನ ನಡೆನುಡಿಯನ್ನು ಅರಿಯದಿದ್ದರೆ, ಕಾಪಾಡಬೇಕಾದ ಶಾಲೆಯೇ ಅದನ್ನು ಮರೆಯಿಸೀತು. ಯಲ್ಲಾಪುರ, ಹಳಿಯಾಳದ ಸಿದ್ದಿಯರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತರೆಂಬ ಮೂರು ಮತದವರೂ ಇದ್ದು, ತಾವು ಒಂದೇ ಕುಲದವರೆಂಬ ಭಾವವನ್ನು ಬಿಟ್ಟಿಲ್ಲ. ಅವರ ಮಗುವು ಮಕ್ತಬದಲ್ಲಿ ಧರ್ಮವನ್ನು ಕಲಿಯಲಿ. ಕುಲದ ನೆಂಟಸ್ತಿಕೆಯನ್ನು ಮರೆಯದಿರಲಿ.

ಆದುದರಿಂದ ಕುರಾನಿನ ಪಠಣವು ಅರಬ್ಬಿಯಲ್ಲಿರಲಿ, ಅರ್ಥವಿವರಣೆಯು ಕನ್ನಡದಲ್ಲಿಯೂ ನಡೆಯಲಿ. ಸ್ಥಳೀಯರೇ ಉಪಾಧ್ಯಾಯರಾಗುವಷ್ಟು ವೇತನವನ್ನು ಜಮಾತಿನವರು ಕೊಡಲಿ. ಯಾವ ಮಗುವಿಗೂ ಸರಕಾರಿ ಶಾಲೆಯ ಪಾಠ ತಪ್ಪದಿರಲಿ. ಪಾಠಶಾಲೆಗೆ ಅಕ್ಕಿ ಅಳೆಯುವ ಗೃಹಸ್ಥನು ಮಕ್ತಬದ ಮಕ್ಕಳ ಓದಿನ ದನಿಯನ್ನೂ ತನ್ನ ಊರಿನ ದನಿಯೆಂದೇ ಕೇಳಲಿ. ರಾಷ್ಟ್ರವು ಕಟ್ಟಲ್ಪಡುವುದು ಇಂಥ ನೆರೆಹೊರೆಯಿಂದ.